ಹುತ್ತದ ಮಣ್ಣು ಗೊಬ್ಬರವೇ?

— ಮೇಷ್ಟ್ರೇ, ಇಂಗ್ಲೆಂಡಿನಲ್ಲಿ ಮೋಲ್ ಎಂಬ ಪ್ರಾಣಿ ನೆಲದಡಿ ಸುರಂಗ ಕೊರೆದು ಮೇಲೆ ಎತ್ತಿಹಾಕುವ ಮಣ್ಣಿನ ಗುಡ್ಡೆಗಳನ್ನು ತೋಟಗಾರರು ಬುಟ್ಟಿಗೆ ತುಂಬಿಕೊಂಡು ಹೋಗಿ ಸಸಿ ಎಬ್ಬಿಸುವ ಕುಂಡಗಳಿಗೆ ಹಾಕುತ್ತಾರಂತೆ. ಜರಡಿ ಹಿಡಿದಷ್ಟು ಸಡಿಲ, ಕಳೆಬೀಜ ಕಡಿಮೆ, ಕಾಸು ಖರ್ಚಿಲ್ಲ. ಆ ಪ್ರಾಣಿ ನಮ್ಮ ಕಡೆ ಇಲ್ಲ. ಆದರೆ ಗೆದ್ದಲಿದೆ, ಹುತ್ತವಿದೆ. ಊರಾಚೆ ಹೊಸ ಲೇಔಟ್‌ಗೆಂದು ಜೆಸಿಬಿ ಓಡಾಡಿದ ಕಡೆಯೆಲ್ಲ ಹುತ್ತಗಳು ಉರುಳಿ ಕೆಂಪಗೆ ಚೆಲ್ಲಿರುತ್ತವೆ. ತಾರಸಿ ಮೇಲೆ ಬದನೆ, ತೊಂಡೆ, ದಾಸವಾಳ ಬೆಳೆಯುವ ನಮ್ಮಂಥವರು ಅದನ್ನು ನಾಲ್ಕು ಚೀಲ ತುಂಬಿ ತಂದು ಗೊಬ್ಬರದ ಹಾಗೆ ಬಳಸಿದರೆ ತಪ್ಪೇನು? ಹುತ್ತದ ಮಣ್ಣಿನಲ್ಲಿ ಸಾರ ಹೆಚ್ಚು ಅಂತ ಹಿರಿಯರೂ ಹೇಳುತ್ತಾರಲ್ಲ.

— ತರುವುದರಲ್ಲಿ ತಪ್ಪಿಲ್ಲಮ್ಮ, ಗೊಬ್ಬರ ಅಂದುಕೊಂಡು ಹಾಕುವುದರಲ್ಲಿದೆ. ಪ್ರಾಣಿ ಎತ್ತಿಹಾಕಿದ ಮಣ್ಣೆಲ್ಲ ಒಂದೇ ಜಾತಿಯದಲ್ಲ. ಯಾವ ಆಳದಿಂದ ಬಂತು, ಬರುವ ದಾರಿಯಲ್ಲಿ ಆ ಪ್ರಾಣಿ ಅದಕ್ಕೆ ಏನು ಮಾಡಿತು, ನಮ್ಮ ಕುಂಡಕ್ಕೆ ಕೊರತೆಯಾಗಿರುವುದು ಏನು ಎಂಬ ಮೂರು ವಿಷಯ ಗೊತ್ತಾದರೆ ಮಾತ್ರ ಅದನ್ನು ಬಳಸುವ ಬಗೆ ಗೊತ್ತಾಗುತ್ತದೆ. ಮೋಲ್ ಎರೆಹುಳು ತಿಂದು ಬದುಕುವ ಪ್ರಾಣಿ. ಎರೆಹುಳು ಹೆಚ್ಚಿರುವ ಹುಲ್ಲುಗಾವಲಿನಲ್ಲಿ ಬಿಲ ತೋಡಿ, ಅಡ್ಡ ಬಂದ ಮಣ್ಣನ್ನು ಮುಂಗಾಲಲ್ಲಿ ಮೇಲಕ್ಕೆ ತಳ್ಳುತ್ತದೆ. ಏನನ್ನೂ ಬೆರೆಸುವುದಿಲ್ಲ, ಏನನ್ನೂ ಅಂಟಿಸುವುದಿಲ್ಲ. ಎರೆಹುಳುವಿನ ಕೆಲಸ ಬೇರೆ. ಅದು ಕೊಳೆತ ಎಲೆಯ ಜೊತೆ ಮಣ್ಣನ್ನೂ ನುಂಗಿ, ಎರಡನ್ನೂ ಬೆರೆಸಿ ಹಿಕ್ಕೆಯಾಗಿ ಮೇಲೆ ಬಿಡುತ್ತದೆ. 1881ರಲ್ಲಿ ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಮೇಲೆ ಬರೆದ ಪುಸ್ತಕದಲ್ಲಿ, ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಹೀಗೆ ಅವುಗಳ ಹೊಟ್ಟೆಯಿಂದ ಹಾದುಬರುತ್ತದೆಂದು ಲೆಕ್ಕ ಹಾಕಿದ್ದ. ಗೆದ್ದಲಿನದು ಮೂರನೆಯ ರೀತಿ. ಅದು ಗೋಡೆಗೆ ಬೇಕಾದ ಮಣ್ಣನ್ನು ತಳದ ಪದರದಿಂದ ಕಣಕಣವಾಗಿ ಆರಿಸಿ ತಂದು, ಜೊಲ್ಲಿನಲ್ಲಿ ಕಲಸಿ, ಉಂಡೆ ಕಟ್ಟಿ ಮೆತ್ತುತ್ತದೆ. ಬಂಡೀಪುರದ ಮೂಲೆಹೊಳೆ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನಗಳಲ್ಲಿ ಕಂಡದ್ದೂ ಇದೇ: ಹುತ್ತದ ಮಣ್ಣಿನ ಗುಣ ಸುತ್ತಲಿನ ಮೇಲ್ಮಣ್ಣಿಗಿಂತ ಕೆಳಗಿನ ಮಣ್ಣಿಗೇ ಹತ್ತಿರ. ಮೇಲ್ಮಣ್ಣಿನಲ್ಲಿರುವ ಕೊಳೆತ ಸೊಪ್ಪುಸದೆಯ ಅಂಶ ಅಲ್ಲಿಲ್ಲ. ಜೇಡಿ ಮಾತ್ರ ಹೆಚ್ಚು. ಮೋಲ್ ಗುಡ್ಡೆಯ ಬಗ್ಗೆ ಬರೆದ ಸಲಹೆಯನ್ನು ಹುತ್ತಕ್ಕೆ ಅನ್ವಯಿಸಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ.

— ಒಂದು ನಿಮಿಷ. ಗೆದ್ದಲು ತಿನ್ನುವುದು ಕಟ್ಟಿಗೆ, ತರಗೆಲೆ, ಒಣಹುಲ್ಲು, ಸಗಣಿ. ಹೊರಗಿನದನ್ನೆಲ್ಲ ಸಾಗಿಸುವುದು ಹುತ್ತದೊಳಕ್ಕೆ. ಗಾಳಿಯಲ್ಲಿನ ಸಾರಜನಕವನ್ನು ಹಿಡಿದಿಡುವ ಬ್ಯಾಕ್ಟೀರಿಯಾ ಗೆದ್ದಲಿನ ಹೊಟ್ಟೆಯಲ್ಲಿದೆ ಎಂದೂ ಓದಿದ್ದೇನೆ. ವರ್ಷಗಟ್ಟಲೆ ಅಷ್ಟೆಲ್ಲ ಒಳಗೆ ಹೋದ ಮೇಲೆ ಆ ಸಾರ ಹುತ್ತದಲ್ಲಿರದೆ ಇನ್ನೆಲ್ಲಿಗೆ ಹೋಗಲು ಸಾಧ್ಯ? ಗೋಡೆ ಗೊಬ್ಬರವಾಗದೆ ಇರುವುದು ಹೇಗೆ?

— ಸಾರ ಒಳಗಿರುವುದು ನಿಜ, ಗೋಡೆಯಲ್ಲಿಲ್ಲ ಅಷ್ಟೆ. ನಮ್ಮ ನಾಡಿನಲ್ಲಿ ದೊಡ್ಡ ಹುತ್ತ ಕಟ್ಟುವ ಓಡಾಂಟೋಟರ್ಮಿಸ್ ಕುಲದ ಗೆದ್ದಲು ಶಿಲೀಂಧ್ರ ಸಾಕುವ ಜಾತಿ. ಹುತ್ತವನ್ನು ಉದ್ದಕ್ಕೆ ಸೀಳಿದರೆ ಒಳಗಿನ ಕೋಣೆಗಳಲ್ಲಿ ಕಂದು ಬಣ್ಣದ, ಸುಕ್ಕುಸುಕ್ಕಾದ, ಮುಟ್ಟಿದರೆ ಉದುರುವ ಹಗುರ ಗಡ್ಡೆಗಳು ಕಾಣುತ್ತವೆ. ಅವುಗಳ ಮೈಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡುಗಳು. ಗೆದ್ದಲು ತಿಂದ ಕಟ್ಟಿಗೆ, ತರಗು ಅರೆಜೀರ್ಣವಾಗಿ ಹಿಕ್ಕೆಯಾಗಿ ಬಂದು ಆ ಗಡ್ಡೆಯಾಗುತ್ತದೆ. ಅದರ ಮೇಲೆ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆದು ಕಟ್ಟಿಗೆಯ ಬಿಗಿಯನ್ನು ಬಿಡಿಸುತ್ತದೆ, ಹದವಾದ ಗಡ್ಡೆಯನ್ನು ಗೆದ್ದಲು ಮತ್ತೆ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಇದೇ ಶಿಲೀಂಧ್ರದ್ದು. ಒಳಗೆ ಬಂದ ಸಾರ ಹೀಗೆ ಹಿಕ್ಕೆಯಿಂದ ಶಿಲೀಂಧ್ರಕ್ಕೆ, ಅಲ್ಲಿಂದ ಮತ್ತೆ ಗೆದ್ದಲಿನ ಹೊಟ್ಟೆಗೆ ಸುತ್ತುತ್ತಲೇ ಇರುತ್ತದೆ. ಹಿಕ್ಕೆಯನ್ನು ಗೋಡೆಗೆ ಬಳಿದು ವ್ಯರ್ಥ ಮಾಡುವಷ್ಟು ದುಂದುಗಾರಿಕೆ ಈ ಗೆದ್ದಲಿಗಿಲ್ಲ. ಹಿಕ್ಕೆಯಿಂದಲೇ ಗೂಡು ಕಟ್ಟುವ ಬೇರೆ ಜಾತಿಗಳು ಪ್ರಪಂಚದಲ್ಲಿವೆ, ಅವುಗಳ ಗೂಡಿನಲ್ಲಿ ಸಾವಯವ ಅಂಶ ಹೆಚ್ಚೇ ಇರುತ್ತದೆ. ಅವುಗಳ ಗುಣವನ್ನು ನಮ್ಮ ಹುತ್ತಕ್ಕೆ ಆರೋಪಿಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ನೀವು ಹೇಳಿದ ಸಾರಜನಕದ ಬ್ಯಾಕ್ಟೀರಿಯಾ ಕೂಡ ಕಟ್ಟಿಗೆಯನ್ನೇ ನಂಬಿದ ಜಾತಿಗಳಿಗೆ ಮುಖ್ಯ. ಅದು ಇರುವುದು ಹೊಟ್ಟೆಯಲ್ಲಿ. ಚೀಲಕ್ಕೆ ಬರುವುದು ಗೋಡೆ.

— ಹಾಗಿದ್ದರೆ ಹಳೆಯ ಹುತ್ತದ ಮೇಲೆ ಗಿಡಮರ ಅಷ್ಟು ಸೊಂಪಾಗಿ ಬೆಳೆಯುವುದು ಯಾಕೆ? ಆಫ್ರಿಕಾದ ಬಯಲಿನಲ್ಲಿ ಹುತ್ತವಿದ್ದ ಕಡೆ ಮಾತ್ರ ಹಸಿರು ಗುಂಪು ಕಾಣುತ್ತದೆ. ನಮ್ಮ ಹಳಬರೂ ಹುತ್ತ ಇದ್ದಲ್ಲಿ ನೀರು ಇದೆ ಎಂದು ಬಾವಿ ತೋಡಿಸುತ್ತಿದ್ದರು. ಸಾರವಿಲ್ಲದ ಮಣ್ಣಿಗೆ ಇಷ್ಟು ಹೆಸರು ಬರುತ್ತದೆಯೇ?

— ಹೆಸರು ಬಂದದ್ದು ಜಾಗಕ್ಕೆ. ಅದನ್ನು ನಾವು ಮಣ್ಣಿಗೆ ಕಟ್ಟುತ್ತಿದ್ದೇವೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಂತರ್ಜಲ ಹುಡುಕುವುದಕ್ಕೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಯಾವ ಮರದ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಸಿಗುತ್ತದೆಂದು ಅಲ್ಲಿ ಸೂತ್ರಗಳಿವೆ. ಕನ್ನಡದಲ್ಲಿ 1025ರ ಸುಮಾರಿಗೆ ಚಾವುಂಡರಾಯ ಬರೆದ ಲೋಕೋಪಕಾರದಲ್ಲೂ ಜಲಶೋಧನೆಯ ಭಾಗವಿದೆ. ಆ ಸೂತ್ರಗಳೆಲ್ಲ ನಿಜವೋ ಅಲ್ಲವೋ ಬೇರೆ ಚರ್ಚೆ. ಹುತ್ತಕ್ಕೂ ತೇವಕ್ಕೂ ನಂಟು ಇರುವುದಂತೂ ನಿಜ, ಯಾಕೆಂದರೆ ಗೆದ್ದಲಿಗೆ ಮೈ ಒಣಗಿದರೆ ಉಳಿಗಾಲವಿಲ್ಲ. ಆದರೆ ವರಾಹಮಿಹಿರ ಹುತ್ತವನ್ನು ಓದಿದ್ದು ಕೆಳಗೇನಿದೆ ಎಂಬುದಕ್ಕೆ ಗುರುತಾಗಿ. ಗುರುತನ್ನು ಕಿತ್ತು ಮನೆಗೆ ತಂದರೆ ನೀರು ಜೊತೆಗೆ ಬರುವುದಿಲ್ಲ. ಹಳೆಯ ಹುತ್ತದ ಮೇಲಿನ ಹಸಿರಿಗೂ ಕಾರಣ ಒಂದಲ್ಲ. ಸುರಂಗಗಳಿಂದ ಮಳೆನೀರು ಒಳಗಿಳಿಯುತ್ತದೆ, ಜೇಡಿ ಅದನ್ನು ಹಿಡಿದಿಡುತ್ತದೆ, ತಳದಿಂದ ಬಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಬೇರಿಗೆ ಸಿಗುತ್ತವೆ, ಪ್ರವಾಹದ ಬಯಲಿನಲ್ಲಾದರೆ ಎತ್ತರದ ನೆಲ ಕೊಳೆಯದೆ ಉಳಿಯುತ್ತದೆ. ಒಣಭೂಮಿಯ ಹುತ್ತಗಳ ಸುತ್ತಲಿನ ಸಸ್ಯಗಳು ಬರವನ್ನು ಹೆಚ್ಚು ತಾಳಿಕೊಳ್ಳುತ್ತವೆ ಎಂದು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಇದೆಲ್ಲ ಹುತ್ತ ತನ್ನ ಜಾಗದಲ್ಲಿ ನಿಂತು ಮಾಡುವ ಕೆಲಸ. ಅದನ್ನು ಪುಡಿ ಮಾಡಿ ಚೀಲಕ್ಕೆ ಸುರಿದಾಗ ಸುರಂಗ ಹೋಗುತ್ತದೆ, ಎತ್ತರ ಹೋಗುತ್ತದೆ, ಉಳಿಯುವುದು ಜೇಡಿ ಮತ್ತು ಒಂದಿಷ್ಟು ಖನಿಜ.

— ಅಷ್ಟೇ ಆಗಿದ್ದರೆ ಜಿಂಬಾಬ್ವೆಯ ರೈತರು ಮಳೆಯಿಲ್ಲದ ತಿಂಗಳುಗಳಲ್ಲಿ ಹುತ್ತ ಅಗೆದು ಹೊಲಕ್ಕೆ ಹರಡುತ್ತಿರಲಿಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲೂ ಬಡವಾದ ಹೊಲಕ್ಕೆ ಹುತ್ತದ ಮಣ್ಣು ಬಳಸುತ್ತಾರಂತೆ. ಅಷ್ಟು ಜನ ಮೈಮುರಿದು ಹೊರುವ ಮಣ್ಣನ್ನು ನೀವು ಬರೀ ಜೇಡಿ ಎಂದು ಬದಿಗೆ ಸರಿಸುತ್ತಿದ್ದೀರಿ.

— ಬದಿಗೆ ಸರಿಸುತ್ತಿಲ್ಲ, ಅವರ ಅನುಭವವೇ ನನ್ನ ವಾದಕ್ಕೆ ದೊಡ್ಡ ಆಧಾರ. ಆ ಎರಡೂ ಕಡೆಯ ಹೊಲಗಳು ಯಾವ ಮಣ್ಣಿನವು ನೋಡಿ. ಎರಡೂ ಮರಳು ನೆಲ; ಸುರಿದ ನೀರೂ ನಿಲ್ಲದು, ಹಾಕಿದ ಗೊಬ್ಬರವೂ ನಿಲ್ಲದು, ಜೊತೆಗೆ ಹುಳಿ. ಅಂಥ ಕಡೆ ನೀರನ್ನೂ ಪೋಷಕಾಂಶವನ್ನೂ ತಡೆದು ನಿಲ್ಲಿಸುವ ಜೇಡಿಯೇ ಕೊರತೆಯ ವಸ್ತು. ಹುತ್ತ ಅದನ್ನು ಕೊಟ್ಟಿತು, ಬೆಳೆ ಒಪ್ಪಿತು. ಅದೇ ಮಣ್ಣನ್ನು ವಿಜಯಪುರದ, ಬಳ್ಳಾರಿಯ ಎರೆಭೂಮಿಗೆ ಹೊತ್ತರೆ ಏನಾದೀತು? ಅಲ್ಲಿ ಜೇಡಿ ಆಗಲೇ ಮೂರನೆಯ ಒಂದು ಪಾಲನ್ನೋ ಅರ್ಧವನ್ನೋ ತುಂಬಿದೆ, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುತ್ತದೆ. ಇರುವ ತೊಂದರೆಗೆ ಇನ್ನೊಂದು ಬುಟ್ಟಿ ಸೇರಿಸಿದಂತಾಗುತ್ತದೆ. ಕೋಲಾರ, ತುಮಕೂರು, ಚಿತ್ರದುರ್ಗದ ಮರಳು ಬೆರೆತ ಕೆಮ್ಮಣ್ಣಿಗೆ, ಕರಾವಳಿಯ ಮಳಲು ನೆಲಕ್ಕೆ ಮಾತ್ರ ಈ ಮಾತು ಹೊಂದುತ್ತದೆ. ಮದ್ದು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಿಮ್ಮ ಮಣ್ಣು ಹೇಳಬೇಕು, ಹುತ್ತವಲ್ಲ.

— ಸರಿ, ಕೋಲಾರದ ಕಡೆಯ ರೈತನಿಗಾದರೂ ಲಾಭವಿದೆ ಅಂದಿರಿ. ಹಾಗಾದರೆ ಅವನು ಹುತ್ತಗಳನ್ನು ಅಗೆಸಿ ಹೊಲಕ್ಕೆ ಹೊಡೆಸಬಹುದಲ್ಲ?

— ಲೆಕ್ಕ ಮಾಡಿ ನೋಡೋಣ. ಒಂದು ಎಕರೆಯಲ್ಲಿ ನೇಗಿಲು ತಿರುವುವ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 900 ಟನ್. ಅದರಲ್ಲಿ ಜೇಡಿ ಶೇ. 10 ಎಂದೂ ಹುತ್ತದಲ್ಲಿ ಶೇ. 40 ಎಂದೂ ಇಟ್ಟುಕೊಳ್ಳಿ. ಟ್ರೈಲರಿಗೆ 3 ಟನ್ನಿನಂತೆ 10 ಲೋಡು, ಅಂದರೆ 30 ಟನ್ ಹುತ್ತದ ಮಣ್ಣು ಹೊಡೆಸಿದರೆ ಸೇರುವ ಜೇಡಿ 12 ಟನ್. ಮೊದಲು 900ರಲ್ಲಿ 90 ಇದ್ದದ್ದು ಈಗ 930ರಲ್ಲಿ 102 ಆಯಿತು, ಶೇ. 10 ಇದ್ದದ್ದು ಶೇ. 11ಕ್ಕೆ ಬಂತು. ಇಷ್ಟಕ್ಕಾಗಿ ಸುತ್ತಮುತ್ತಲ ಹುತ್ತಗಳನ್ನೆಲ್ಲ ನೆಲಸಮ ಮಾಡಬೇಕು, ಮುಂದಿನ ವರ್ಷಕ್ಕೆ ತರಲು ಹುತ್ತವೇ ಇರುವುದಿಲ್ಲ. ಅದಕ್ಕೇ ಬಯಲುಸೀಮೆಯ ರೈತರು ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸುವುದು. ಕೆರೆಯಲ್ಲಿ ಜೇಡಿ ನೂರಾರು ಲೋಡು ಸಿಗುತ್ತದೆ, ಅದರ ಜೊತೆ ಹೊಲದಿಂದಲೇ ಕೊಚ್ಚಿಹೋದ ಕೊಳೆತ ಅಂಶವೂ ಮರಳಿ ಬರುತ್ತದೆ, ಕೆರೆಯ ಹೂಳೂ ತೆಗೆದಂತಾಗುತ್ತದೆ. ಹೊಲದ ಅಳತೆಗೆ ಹುತ್ತ ಸಾಲದು. ಕುಂಡದ ಅಳತೆಗೆ ಲೆಕ್ಕ ತಿರುಗುತ್ತದೆ: 10 ಕಿಲೋ ಹಿಡಿಯುವ ಕುಂಡಕ್ಕೆ ಒಂದೇ ಕಿಲೋ ಪುಡಿ ಹಾಕಿದರೂ 400 ಗ್ರಾಂ ಜೇಡಿ ಸೇರಿತು. ಜೇಡಿಯೇ ಇಲ್ಲದ ಕುಂಡಕ್ಕೆ ಅದು ಸಣ್ಣ ಮಾತಲ್ಲ.

— ನನ್ನ ಕುಂಡದಲ್ಲಿ ಜೇಡಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಪ್ರತಿ ಕುಂಡದ ಮಣ್ಣನ್ನೂ ಪ್ರಯೋಗಾಲಯಕ್ಕೆ ಕಳಿಸಲಾದೀತೇ?

— ಒಂದು ಗಾಜಿನ ಬಾಟಲಿ ಸಾಕು. ಮೂರನೆಯ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನುಣುಪು ಗೋಡಿನ ಪದರ ಕೂರಲು ಕೆಲವು ಗಂಟೆ ಬೇಕು. ಜೇಡಿ ಇಡೀ ದಿನವೂ ನೀರನ್ನು ಕದಡಿಯೇ ಇಟ್ಟು ಆಮೇಲೆ ಕೊನೆಯ ಪದರವಾಗಿ ಇಳಿಯುತ್ತದೆ. ತೇಲುವ ಕಸಕಡ್ಡಿ, ನಾರು ನಿಮ್ಮ ಸಾವಯವ ಅಂಶ. ಪಕ್ಕದಲ್ಲಿ ಹುತ್ತದ ಮಣ್ಣಿನದೂ ಒಂದು ಬಾಟಲಿ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಅದರ ನೀರು ಕೆಂಪಾಗಿಯೇ ಉಳಿಯುತ್ತದೆ, ಮೇಲೆ ತೇಲುವುದು ಹೆಚ್ಚೇನೂ ಇರುವುದಿಲ್ಲ. ಇನ್ನು ಬಳಸುವ ಹದ. ಜೊಲ್ಲಿನಿಂದ ಕಲಸಿ ಕಟ್ಟಿದ ಹುತ್ತದ ಗೋಡೆ ಅದೇ ನೆಲದ ಸಾಮಾನ್ಯ ಮಣ್ಣಿಗಿಂತ ಹಲವು ಪಟ್ಟು ಗಟ್ಟಿ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ ತೋರಿಸಿದ್ದಾರೆ. ಹಳ್ಳಿಗಳಲ್ಲಿ ಗೋಡೆ, ಒಲೆ ಮೆತ್ತಲು ಹುತ್ತದ ಮಣ್ಣು ಬಳಸುವುದೂ, ಆಸ್ಟ್ರೇಲಿಯಾದಲ್ಲಿ ಅದನ್ನು ಪುಡಿ ಮಾಡಿ ಟೆನಿಸ್ ಅಂಗಳಕ್ಕೆ ಹಾಸುವುದೂ ಈ ಗಟ್ಟಿತನ ನೋಡಿಯೇ. ಚೆಂಡು ಪುಟಿಯುವಂಥ ನೆಲ ಕೊಡುವ ಮಣ್ಣನ್ನು ಕುಂಡಕ್ಕೆ ಹಾಗೇ ತುಂಬಿದರೆ ಬೇರಿಗೆ ಉಸಿರಾಡಲು ಜಾಗವೆಲ್ಲಿ? ಅದಕ್ಕೆ ಹೆಂಟೆ ಒಡೆದು, ಒಂದು ಮಳೆಯಲ್ಲಿ ನೆನೆಯಬಿಟ್ಟು ಒಣಗಿಸಿ, ಕುಟ್ಟಿ ಜರಡಿ ಹಿಡಿಯಬೇಕು. ಕಾಂಪೋಸ್ಟ್ ಜೊತೆ ಕಲಸಿ, ಒಟ್ಟು ಮಿಶ್ರಣದ ಹತ್ತನೆಯ ಒಂದು ಪಾಲಿಗೆ ಮೀರದಂತೆ ಶುರು ಮಾಡಬೇಕು. ನೀರು ಮೇಲೆ ನಿಲ್ಲತೊಡಗಿದರೆ ಮುಂದಿನ ಸಲ ಕಡಿಮೆ ಮಾಡುವುದು.

— ಜೇಡಿಯ ಮಾತಾಯಿತು. ಜೀವಾಣುಗಳ ಕತೆ? 200 ಲೀಟರ್ ಜೀವಾಮೃತಕ್ಕೆ ಒಂದು ಹಿಡಿ ಬದುವಿನ ಮಣ್ಣು ಹಾಕಿ ಎನ್ನುತ್ತಾರೆ. ಅದರ ಬದಲು ಹುತ್ತದ ಮಣ್ಣು ಹಾಕುವವರೂ ಇದ್ದಾರೆ. ಹಾಲಿಗೆ ಹೆಪ್ಪು ಬಿಟ್ಟ ಹಾಗೆ, ಒಂದು ಹಿಡಿಯೇ ಸಾಕಲ್ಲವೇ?

— ಹೆಪ್ಪು ಕೆಲಸ ಮಾಡುವುದು ಹಾಲಿದ್ದಾಗ. ಜೀವಾಮೃತದ ಪೀಪಾಯಿಯಲ್ಲಿ ಹಾಲಿನ ಸ್ಥಾನದಲ್ಲಿರುವುದು ಸಗಣಿ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು. ಸಗಣಿಯಲ್ಲೇ ಜೀವಾಣುಗಳು ತುಂಬಿ ತುಳುಕುತ್ತವೆ. ಒಂದು ಹಿಡಿ ಮಣ್ಣು ಬದುವಿನದೋ ಹುತ್ತದ್ದೋ ಎಂಬುದರ ಮೇಲೆ ಫಲ ನಿಂತಿದೆ ಎನ್ನಲು ಆಧಾರ ಬೇಕು. ಹುತ್ತದ ಮಣ್ಣಿನಿಂದ ಬೇರ್ಪಡಿಸಿದ ಕೆಲವು ಬ್ಯಾಕ್ಟೀರಿಯಾಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೇರುಕೊಳೆ ರೋಗದ ಶಿಲೀಂಧ್ರಗಳನ್ನು ತಡೆದಿರುವುದುಂಟು. ಆದರೆ ತಟ್ಟೆಯಲ್ಲಿ ಎದುರಾಳಿಗಳಿಲ್ಲ. ಕುಂಡದಲ್ಲಿ ಸಾವಿರ ಬಗೆಯ ಜೀವಿಗಳ ಪೈಪೋಟಿ ಇದೆ. ಅಲ್ಲಿ ಗೆದ್ದದ್ದು ಇಲ್ಲೂ ಗೆಲ್ಲುತ್ತದೆಂದು ನಂಬಿ ಮಣ್ಣು ಹೊರುವುದು ಬೇಡ. ಇದಕ್ಕಿಂತ ಅವಸರದ ವಿಷಯ ಬೇರೆ ಇದೆ. ಮನೆ, ತೆಂಗಿನ ತೋಟದ ಹತ್ತಿರದ ಹುತ್ತಕ್ಕೆ ಕ್ಲೋರೋಪೈರಿಫಾಸ್‌ನಂಥ ಔಷಧಿ ಸುರಿದಿರುವ ಸಾಧ್ಯತೆ ಹೆಚ್ಚು. ಹಿನ್ನೆಲೆ ಗೊತ್ತಿಲ್ಲದ ಹುತ್ತದ ಮಣ್ಣನ್ನು ಸೊಪ್ಪು ತರಕಾರಿಯ ಕುಂಡಕ್ಕೆ ಹಾಕಲೇಬಾರದು. ಇನ್ನು ಮೋಲ್ ಗುಡ್ಡೆಯನ್ನೇ ಹೋಲುವ ಸಡಿಲ ಮಣ್ಣು ಬೇಕೆಂದು ಹೆಗ್ಗಣದ ಬಿಲದ ಬಾಯಿಯ ಗುಡ್ಡೆಗೆ ಕೈ ಹಾಕುವವರಿದ್ದಾರೆ. ಸಡಿಲ ಇರುವುದು ನಿಜ, ಆದರೆ ಇಲಿಹೆಗ್ಗಣಗಳ ಮೂತ್ರ ಬಿದ್ದ ಒದ್ದೆ ಮಣ್ಣಿನಿಂದ ಇಲಿಜ್ವರ ಬರುತ್ತದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ರೋಗಾಣು ಒಳಹೊಗಲು ಅಷ್ಟೇ ಸಾಕು. ಅದನ್ನು ಬಿಟ್ಟುಬಿಡಿ.

— ಗೆದ್ದಲೇ ಕುಂಡಕ್ಕೆ ಬಂದು ಸೇರಿಕೊಂಡರೆ ಎಂಬ ಭಯ ಬೇರೆ. ಅದೂ ಅಲ್ಲದೆ ಹುತ್ತ ಮುಟ್ಟಬಾರದು, ನಾಗ ಇರುತ್ತಾನೆ ಎನ್ನುವ ಜನ ಎಷ್ಟಿಲ್ಲ. ಇದನ್ನೆಲ್ಲ ಮೂಢನಂಬಿಕೆ ಅಂದುಬಿಡುವುದೋ?

— ಗೆದ್ದಲಿನ ಭಯ ಅರ್ಧ ಸರಿ. ಕಬ್ಬಿನ ಬಿತ್ತನೆ ತುಂಡು, ಕಡಲೆಕಾಯಿ, ತೆಂಗಿನ ಸಸಿಗಳನ್ನು ಗೆದ್ದಲು ತಿನ್ನುತ್ತದೆ. ಆದರೆ ಚೀಲದಲ್ಲಿ ಬರುವುದು ದುಡಿಯುವ ಗೆದ್ದಲು, ಅವು ಮೊಟ್ಟೆಯಿಡುವುದಿಲ್ಲ. ಬಿಸಿಲಲ್ಲಿ ಹರಡಿ ಒಣಗಿಸಿದರೆ ಉಳಿಯುವುದೂ ಇಲ್ಲ. ನಂಬಿಕೆಯ ಮಾತು ಬೇರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹುತ್ತದ ಮಣ್ಣೇ ಮೃತ್ತಿಕೆ ಪ್ರಸಾದ. ನಾಗರಪಂಚಮಿಗೆ ತನಿ ಎರೆಯುವುದೂ ಹುತ್ತಕ್ಕೇ. ಹಾವು ಹುತ್ತ ಕಟ್ಟುವುದಿಲ್ಲ, ಗೆದ್ದಲು ಬಿಟ್ಟುಹೋದದ್ದರಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಪಾಳು ಹುತ್ತಕ್ಕೆ ಗುದ್ದಲಿ ಹಾಕಬೇಡ ಎಂಬ ಮಾತಿನಲ್ಲಿ ಜೀವ ಉಳಿಸುವ ಎಚ್ಚರವಿದೆ. ಇನ್ನು ಜೀವಂತ ಹುತ್ತವನ್ನು ಮುಟ್ಟದಿರುವುದಕ್ಕೆ ಬೇಸಾಯದ ಕಾರಣವೇ ಇದೆ. 2011ರಲ್ಲಿ ಪ್ರಕಟವಾದ ಪಶ್ಚಿಮ ಆಸ್ಟ್ರೇಲಿಯಾದ ಹೊಲದ ಪ್ರಯೋಗದಲ್ಲಿ ಇರುವೆ, ಗೆದ್ದಲುಗಳನ್ನು ಕೊಲ್ಲದೆ ಬಿಟ್ಟ ಕಡೆ ಗೋಧಿಯ ಇಳುವರಿ ಶೇ. 36ರಷ್ಟು ಹೆಚ್ಚಿತ್ತು, ಅವು ಕೊರೆದ ಸುರಂಗಗಳಿಂದ ನೀರು ಇಂಗಿದ್ದು, ಮಣ್ಣಿನ ಸಾರಜನಕ ಹೆಚ್ಚಿದ್ದು ಕಾರಣ. ಎಲ್ಲ ಹೊಲದಲ್ಲೂ ಅಷ್ಟೇ ಬರುತ್ತದೆಂದಲ್ಲ, ಅದು ಮಳೆ ಕಡಿಮೆಯ ನೆಲ. ಬಯಲುಸೀಮೆಯೂ ಮಳೆ ಕಡಿಮೆಯ ನೆಲವೇ. ನಿಂತ ಹುತ್ತ ನೀರಿಳಿಸುವ ಕೆಲಸವನ್ನು ಕೂಲಿಯಿಲ್ಲದೆ ಮಾಡುತ್ತಿರುವಾಗ ಅದನ್ನು ಕೆಡವಿ ಒಂದು ಚೀಲ ಜೇಡಿ ಪಡೆಯುವುದು ನಷ್ಟದ ವ್ಯಾಪಾರ. ನೀವು ಹೇಳಿದ ಹಾಗೆ ಜೆಸಿಬಿ ಉರುಳಿಸಿದ ಹುತ್ತ, ಮಳೆಗೆ ಕರಗಿ ಬುಡದಲ್ಲಿ ಹರಡಿದ ಮಣ್ಣು, ಇವಿಷ್ಟೇ ನಮ್ಮ ಪಾಲಿನದು.

— ಕೊನೆಗೆ ಉಳಿದದ್ದು ಇಷ್ಟು: ಗೊಬ್ಬರವಲ್ಲ, ಎರೆಭೂಮಿಗೆ ಬೇಡ, ಹೊಲಕ್ಕೆ ಸಾಲದು, ಜೀವಂತ ಹುತ್ತದಿಂದ ತೆಗೆಯಬಾರದು, ಕುಟ್ಟಬೇಕು, ಜರಡಿ ಹಿಡಿಯಬೇಕು. ಇಷ್ಟು ಷರತ್ತಿನ ಮಣ್ಣಿಗಿಂತ ಅಂಗಡಿಯಲ್ಲಿ ಕೋಕೋಪೀಟ್, ಎರೆಗೊಬ್ಬರ ಕೊಂಡು ಸುಮ್ಮನಿರುವುದು ಮೇಲಲ್ಲವೇ?

— ಆ ಎರಡನ್ನೇ ನಂಬಿದ ಕುಂಡಗಳೇ ಹುತ್ತದ ಮಣ್ಣಿಗೆ ಸರಿಯಾದ ಜಾಗ. ಕೋಕೋಪೀಟ್, ಎರೆಗೊಬ್ಬರ ಎರಡೂ ಕೊಳೆಯುವ ವಸ್ತುಗಳು. ತುಂಬಿದ್ದ ಕುಂಡ ವರ್ಷ ತುಂಬುವಷ್ಟರಲ್ಲಿ ಕುಸಿದು, ಗಿಡದ ಬುಡ ಒಳಗಿಳಿದಿರುತ್ತದೆ. ಏಪ್ರಿಲ್ ಬಿಸಿಲಿಗೆ ಮೇಲ್ಭಾಗ ಪೂರ್ತಿ ಒಣಗಿದರೆ ಹಾಕಿದ ನೀರು ಅಂಚಿನಿಂದ ಜಾರಿ ತಳದ ತೂತಿನಲ್ಲಿ ಹೊರಬೀಳುತ್ತದೆ. ಅಲ್ಲಿ ಆಹಾರವಿದೆ, ಅದನ್ನು ಹಿಡಿದಿಡುವ ಖನಿಜ ಮಣ್ಣಿಲ್ಲ. ಜೇಡಿ ಕೊಳೆಯುವುದಿಲ್ಲ, ಕುಸಿಯುವುದಿಲ್ಲ, ಒಂದು ಸಲ ಹಾಕಿದ್ದು ಕುಂಡ ಇರುವವರೆಗೂ ಇರುತ್ತದೆ. ಗೊಬ್ಬರವನ್ನು ಮಾತ್ರ ವರ್ಷವರ್ಷ ಕೊಡುತ್ತಿರಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಹುತ್ತದ ಮಣ್ಣು ಹಾಕಿದೆನೆಂದು ಗೊಬ್ಬರ ನಿಲ್ಲಿಸಿದ ತೋಟ ಬಡವಾಗುತ್ತದೆ, ಅದನ್ನು ಹಾಕಿಯೂ ಗೊಬ್ಬರ ಮುಂದುವರಿಸಿದ ತೋಟದಲ್ಲಿ ಅದೇ ಗೊಬ್ಬರ ಹೆಚ್ಚು ದಿನ ಬಾಳುತ್ತದೆ. ನಾಲ್ಕು ಚೀಲ ತರುವ ಮೊದಲು ನಿಮ್ಮ ಒಂದು ಕುಂಡದ ಮಣ್ಣನ್ನು ಬಾಟಲಿಯಲ್ಲಿ ಕುಲುಕಿಡಿ. ಮರುದಿನ ಮೇಲೆ ಜೇಡಿಯ ಪದರ ಬೆರಳಗಲ ಕೂತಿದ್ದರೆ ಹುತ್ತದ ತಂಟೆ ಬೇಡ, ಆ ದುಡಿಮೆಯನ್ನು ಕಾಂಪೋಸ್ಟಿಗೆ ಹಾಕಿ. ಪದರವೇ ಇಲ್ಲದಿದ್ದರೆ ಒಂದು ಚೀಲ ತನ್ನಿ, ನಾಲ್ಕು ಬೇಡ.